ಬೆಕ್ಕಿಲ್ಲದ ಊರಿನಲ್ಲಿ ಇಲಿ

ತೊಣ್ಣೂರು ಕೆರೆಯ ಕೆಳಗಿನ ಗದ್ದೆಗಳಲ್ಲಿ ಭತ್ತ ತೆನೆಗಟ್ಟಿದಾಗ ಇಲಿಗಳು ಬರುತ್ತವೆ. ಇಲಿಯ ಬೆನ್ನು ಹತ್ತಿ ಕೇರೆ ಹಾವು ಬರುತ್ತದೆ. ದೊಣ್ಣೆಯ ಏಟು ಬೀಳುವುದು ಮಾತ್ರ ಕೇರೆಗೆ! ಇಲಿ ತಿನ್ನುವ ಪ್ರಾಣಿಯೇ ಇಲ್ಲವಾದರೆ ಏನಾಗುತ್ತದೆ?

ಎರಡನೇ ಮಹಾಯುದ್ಧದಲ್ಲಿ ರಷ್ಯದ ಲೆನಿನ್‌ಗ್ರಾಡ್ ನಗರ ಅದನ್ನು ಕಂಡಿತು. 1941ರ ಸೆಪ್ಟೆಂಬರ್ 8ರಂದು ಜರ್ಮನ್ ಸೇನೆಯ ಮುತ್ತಿಗೆ ಬಿಗಿಯಿತು. ಆ ಚಳಿಗಾಲದಲ್ಲಿ ಮಕ್ಕಳಿಗೆ ದಿನಕ್ಕೆ 125 ಗ್ರಾಂ ಬ್ರೆಡ್ಡು ಮಾತ್ರ ಸಿಗುವ ಸ್ಥಿತಿ ಬಂತು. ಹಸಿವು ತಾಳಲಾರದೆ ಜನ ಬೆಕ್ಕುಗಳನ್ನೂ ತಿಂದರು. ಬೆಕ್ಕುಗಳು ಹೋದವು, ಇಲಿಗಳು ಹೆಚ್ಚಿದವು. ಅಲ್ಲಿನ ಬೀಜ ಸಂಗ್ರಹಾಲಯದ ಕೆಲವು ವಿಜ್ಞಾನಿಗಳು ಬಿತ್ತನೆ ಬೀಜವನ್ನು ಇಲಿಗಳಿಂದ ಕಾಯುತ್ತಲೇ ಹಸಿವಿನಿಂದ ಸತ್ತರು. 1943ರ ಜನವರಿಯಲ್ಲಿ ಮುತ್ತಿಗೆ ಸೀಳಿ ದಾರಿಯಾದ ಮೇಲೆ ಯಾರೊಸ್ಲಾವ್ಲ್ ಕಡೆಯಿಂದ ರೈಲಿನಲ್ಲಿ ಬೆಕ್ಕುಗಳು ಬಂದವೆಂದು ಅಲ್ಲಿನವರು ಹೇಳುತ್ತಾರೆ. ಈಗ ಸೇಂಟ್ ಪೀಟರ್ಸ್‌ಬರ್ಗ್ ಎನಿಸಿಕೊಂಡಿರುವ ಆ ನಗರದಲ್ಲಿ ಬೆಕ್ಕುಗಳಿಗೆ ಪ್ರತಿಮೆಗಳೇ ಇವೆ.

ಲೆಕ್ಕ ಸರಳ. ಇಲಿ ಗರ್ಭ ಧರಿಸಿದ ಸುಮಾರು 3 ವಾರಕ್ಕೆ ಮರಿ ಹಾಕುತ್ತದೆ. ಆ ಮರಿಗಳೂ ಎರಡು ಮೂರು ತಿಂಗಳಲ್ಲಿ ಪ್ರಾಯಕ್ಕೆ ಬರುತ್ತವೆ. ಬೆಕ್ಕು ಹೆಚ್ಚಾಗಿ ಹಿಡಿಯುವುದು ಚಿಕ್ಕ ಇಲಿಗಳನ್ನು. ಬಲಿತ ಹೆಗ್ಗಣದ ತಂಟೆಗೆ ಹೋಗುವುದು ಕಡಿಮೆ. ಆದ್ದರಿಂದ ಧಾನ್ಯ ಮುಚ್ಚಿಡುವುದು, ಬಿಲ ಮುಚ್ಚುವುದು ಮನುಷ್ಯನ ಪಾಲಿನ ಕೆಲಸ.

ಗದ್ದೆಯಲ್ಲಿ ಬೆಕ್ಕಿನ ಕೆಲಸವನ್ನು ಕೇರೆ, ಗೂಬೆ, ಮುಂಗುಸಿಗಳು ಮಾಡುತ್ತವೆ. ಕೇರೆಗೆ ವಿಷವಿಲ್ಲ. ಗೂಬೆ ಕೂಗಿದರೆ ಕೇಡಿಲ್ಲ. ಪಾಷಾಣ ತಿಂದ ಇಲಿಯನ್ನು ನುಂಗಿದರೆ ಗೂಬೆಯೂ ಸಾಯಬಹುದು. ಮುಂದಿನ ಬೆಳೆಗೆ ಒಬ್ಬ ಕಾವಲುಗಾರ ಕಡಿಮೆ. ಲೆನಿನ್‌ಗ್ರಾಡಿಗೆ ಬೆಕ್ಕುಗಳು ರೈಲು ಹತ್ತಿ ಬಂದವು. ತೊಣ್ಣೂರಿನ ಗದ್ದೆಗೆ ಕೇರೆಯನ್ನು ಎಲ್ಲಿಂದ ತರಿಸುವುದು?