ನ್ಯಾನೋಮೀಟರ್ ನೋಡಿ ಗ್ರಾಫಿಕ್ಸ್ ಕಾರ್ಡ್ ಅಳೀಬೇಡಿ

ಹಾಸ್ಟೆಲ್‌ನಲ್ಲಿ ಯಾರಾದ್ರೂ "ಹೊಸ ಲ್ಯಾಪ್‌ಟಾಪ್ ತಗೋತೀನಿ" ಅಂದ ಕೂಡಲೇ ಸುತ್ತ ಆರು ಜನ ಸೇರ್ತೀವಿ. ಮೂಡಿಗೆರೆ, ಕಳಸ ಕಡೆಯ ನಮ್ಮಂಥವರ ಮನೆಗಳಲ್ಲಿ ಲ್ಯಾಪ್‌ಟಾಪ್ ಅನ್ನೋದು ಕಾಫಿ ಮಾರಿದ ಮೇಲಿನ ಮಾತು. "ಈ ಸಲದ ಕಾಫಿ ದುಡ್ಡು ಬರಲಿ, ಆಮೇಲೆ ನೋಡೋಣ" ಅಂತ ಅಪ್ಪ ಹೇಳಿರ್ತಾರೆ. ಆ ದುಡ್ಡು ಕೈಗೆ ಬಂದಾಗ ನಾವು ಮಾಡೋದೇನು? "ಇದು 8 ನ್ಯಾನೋಮೀಟರ್, ಅದು 5 ನ್ಯಾನೋಮೀಟರ್, ಹಂಗಾಗಿ ಅದೇ ಬೆಸ್ಟ್" ಅಂತ ತೀರ್ಪು ಕೊಟ್ಟುಬಿಡ್ತೀವಿ. ಈ ಲೆಕ್ಕ ಅರ್ಧ ಸರಿ, ಅರ್ಧ ತಪ್ಪು. ಆ ತಪ್ಪು ನಮ್ಮ ಜೇಬಿಗೂ ದುಬಾರಿ, ನಮ್ಮ ಓದಿಗೂ ದುಬಾರಿ ಅನ್ನೋದು ನಮ್ಮ ಅಭಿಪ್ರಾಯ.

ಮೊದಲು ಸರಿಯಾದ ಅರ್ಧ. ತೋಟದ ಲೆಕ್ಕದಲ್ಲೇ ಹೇಳೋಣ. ಹತ್ತಡಿ ಅಂತರದಲ್ಲಿ ರೊಬಸ್ಟಾ ನೆಟ್ಟರೆ ಒಂದು ಎಕರೆಗೆ ಸುಮಾರು 435 ಗಿಡ ಹಿಡಿಯುತ್ತೆ. ಆರಡಿ ಅಂತರದಲ್ಲಿ ಅರೇಬಿಕಾ ನೆಟ್ಟರೆ 1,210. ಜಾಗ ಅದೇ, ಅಂತರ ಮಾತ್ರ ಕಮ್ಮಿ. ಚಿಪ್‌ನಲ್ಲೂ ಹಾಗೇ. ಎನ್‌ವಿಡಿಯಾದ ಆರ್‌ಟಿಎಕ್ಸ್ 3090 ಸ್ಯಾಮ್‌ಸಂಗ್‌ನ 8 ನ್ಯಾನೋಮೀಟರ್ ಪ್ರಕ್ರಿಯೆಯಲ್ಲಿ ತಯಾರಾಗಿತ್ತು: 628 ಚದರ ಮಿಲಿಮೀಟರ್‌ನಲ್ಲಿ 2,830 ಕೋಟಿ ಟ್ರಾನ್ಸಿಸ್ಟರ್. 2022ರಲ್ಲಿ ಬಂದ ಆರ್‌ಟಿಎಕ್ಸ್ 4090 ತೈವಾನಿನ ಟಿಎಸ್‌ಎಂಸಿಯ 5 ನ್ಯಾನೋಮೀಟರ್ ಕುಟುಂಬದ ಪ್ರಕ್ರಿಯೆಯದ್ದು: 608 ಚದರ ಮಿಲಿಮೀಟರ್‌ನಲ್ಲಿ 7,630 ಕೋಟಿ. ಚಿಪ್ ಇನ್ನೂ ಸ್ವಲ್ಪ ಚಿಕ್ಕದಾಯ್ತು, ಟ್ರಾನ್ಸಿಸ್ಟರ್ ಎರಡೂವರೆ ಪಟ್ಟು ದಾಟಿತು. ಒಂದೊಂದು ಟ್ರಾನ್ಸಿಸ್ಟರ್ ತಿನ್ನೋ ಕರೆಂಟೂ ಕಮ್ಮಿ ಆಗುತ್ತೆ. ಇದನ್ನ ಅಲ್ಲಗಳೆಯೋಕೆ ಆಗಲ್ಲ.

ಆದರೆ ಗಿಡದ ಲೆಕ್ಕದಿಂದಲೇ ಯಾರೂ ಫಸಲು ಹೇಳಲ್ಲ. ನೆರಳು, ಗೊಬ್ಬರ, ಕಸಿ, ಕೊಯ್ಲು ಎಲ್ಲಾ ಕೂಡಿ ಬರಬೇಕು. ಗ್ರಾಫಿಕ್ಸ್ ಕಾರ್ಡ್ ಚರಿತ್ರೆಯೂ ಇದನ್ನೇ ಹೇಳುತ್ತೆ.

2009ರ ಸೆಪ್ಟೆಂಬರ್‌ನಲ್ಲಿ ಎಎಂಡಿಯ ರೇಡಿಯಾನ್ ಎಚ್‌ಡಿ 5870 ಬಂತು. ಅದಕ್ಕೆ ಎನ್‌ವಿಡಿಯಾದ ಉತ್ತರ ಜಿಟಿಎಕ್ಸ್ 480 ಬಂದಿದ್ದು 2010ರ ಮಾರ್ಚ್‌ನಲ್ಲಿ. ಎರಡೂ ಟಿಎಸ್‌ಎಂಸಿಯ ಅದೇ 40 ನ್ಯಾನೋಮೀಟರ್ ಪ್ರಕ್ರಿಯೆಯವು. ಎಎಂಡಿ 2009ರ ಏಪ್ರಿಲ್‌ನಲ್ಲೇ ಎಚ್‌ಡಿ 4770 ಅನ್ನೋ ಸಣ್ಣ ಚಿಪ್ ಬಿಟ್ಟು ಆ ಪ್ರಕ್ರಿಯೆಯ ಕಷ್ಟ ತಿಳ್ಕೊಂಡಿತ್ತು. ಎನ್‌ವಿಡಿಯಾ ದೊಡ್ಡ ಚಿಪ್ಪಿಗೇ ಕೈ ಹಾಕಿತ್ತು. ಕೊನೆಗೆ ವಿನ್ಯಾಸದಲ್ಲಿದ್ದ 512 ಕೋರ್‌ಗಳಲ್ಲಿ 480 ಮಾತ್ರ ಚಾಲೂ ಇಟ್ಟು ಕಾರ್ಡ್ ಮಾರಬೇಕಾಯ್ತು. ಬಿಸಿ, ಶಬ್ದ ಎರಡಕ್ಕೂ ಅದು ಹೆಸರುವಾಸಿ ಆಯ್ತು.

ಆಮೇಲೆ ಗ್ರಾಫಿಕ್ಸ್ ಕಾರ್ಡ್‌ಗಳು 28 ನ್ಯಾನೋಮೀಟರ್‌ನಲ್ಲಿ ವರ್ಷಗಟ್ಟಲೆ ನಿಂತುಬಿಟ್ಟವು. ಎರಡೂ ಕಂಪನಿಗಳು 20 ನ್ಯಾನೋಮೀಟರ್ ಬಿಟ್ಟು 2016ರಲ್ಲಿ ನೇರವಾಗಿ 16 ಮತ್ತು 14ಕ್ಕೆ ಹಾರಿದವು. ಈ ಮಧ್ಯೆ ಏನಾಯ್ತು ನೋಡಿ. 2012ರ ಜಿಟಿಎಕ್ಸ್ 680 ಮತ್ತು 2014ರ ಜಿಟಿಎಕ್ಸ್ 980 ಎರಡೂ 28 ನ್ಯಾನೋಮೀಟರ್. ಮೊದಲನೆಯದಕ್ಕೆ 195 ವ್ಯಾಟ್ ಬೇಕಿತ್ತು, ಎರಡನೆಯದಕ್ಕೆ 165 ಸಾಕು, ವೇಗವೂ ಅದರದ್ದೇ ಜಾಸ್ತಿ. ಕಾರ್ಖಾನೆ ಒಂದು ಹೆಜ್ಜೆ ಮುಂದೆ ಇಡದಿದ್ದರೂ ವಿನ್ಯಾಸ ಇಟ್ಟಿತ್ತು.

ಉಲ್ಟಾ ಉದಾಹರಣೆಯೂ ಇದೆ. 2019ರಲ್ಲಿ ಎಎಂಡಿ ಮೊದಲ 7 ನ್ಯಾನೋಮೀಟರ್ ಗೇಮಿಂಗ್ ಕಾರ್ಡ್ ರೇಡಿಯಾನ್ 7 ತಂದಿತು. ಎದುರಿಗಿದ್ದಿದ್ದು ಹಿಂದಿನ ವರ್ಷದ, 12 ನ್ಯಾನೋಮೀಟರ್‌ನ ಆರ್‌ಟಿಎಕ್ಸ್ 2080. ನಮ್ಮ ಹಾಸ್ಟೆಲ್ ಲೆಕ್ಕದ ಪ್ರಕಾರ ಎಎಂಡಿ ಸಲೀಸಾಗಿ ಗೆಲ್ಲಬೇಕಿತ್ತು. ಆದದ್ದೇನು ಅಂದ್ರೆ, ಅದು ಹೆಚ್ಚು ಕರೆಂಟ್ ತಿಂದೂ ಸರಿಸಮಕ್ಕೆ ನಿಲ್ಲೋಕೆ ಹೆಣಗಾಡಿತು.

ಇಂಟೆಲ್‌ನದ್ದು ಇನ್ನೂ ಪಾಠದ ಕಥೆ. ಸ್ವಂತ ಕಾರ್ಖಾನೆಗಳಿರೋ ಈ ಕಂಪನಿ 2022ರಲ್ಲಿ ಆರ್ಕ್ ಎ770 ಕಾರ್ಡಿನ ಚಿಪ್ ಮಾಡಿಸಿದ್ದು ಟಿಎಸ್‌ಎಂಸಿಯಲ್ಲಿ, 6 ನ್ಯಾನೋಮೀಟರ್‌ನಲ್ಲಿ. ಚಿಪ್ 406 ಚದರ ಮಿಲಿಮೀಟರ್. ಅದು ಪೈಪೋಟಿಗೆ ಇಳಿದಿದ್ದು ಸ್ಯಾಮ್‌ಸಂಗ್ 8 ನ್ಯಾನೋಮೀಟರ್‌ನ, 276 ಚದರ ಮಿಲಿಮೀಟರ್‌ನ ಆರ್‌ಟಿಎಕ್ಸ್ 3060 ಜೊತೆ. ಪ್ರಕ್ರಿಯೆ ಹೊಸದು, ಚಿಪ್ ದೊಡ್ಡದು, ಆದರೂ ಶುರುವಿನಲ್ಲಿ ಹಳೇ ಆಟಗಳು ಅದರ ಮೇಲೆ ತೆವಳುತ್ತಿದ್ದವು. ಕೊರತೆ ಇದ್ದಿದ್ದು ಡ್ರೈವರ್ ಸಾಫ್ಟ್‌ವೇರ್‌ನಲ್ಲಿ. ಮುಂದೆ ಒಂದೊಂದೇ ಅಪ್‌ಡೇಟ್ ಬಂದಂತೆ ಅದೇ ಚಿಪ್ ವೇಗವಾಯ್ತು.

ಹಾಗಾದ್ರೆ ಚಿಕ್ಕ ಪ್ರಕ್ರಿಯೆ ಸ್ಪರ್ಧೆಗೆ ಏನು ಮಾಡ್ತಿದೆ? ನಮ್ಮ ಪ್ರಕಾರ ಸ್ಪರ್ಧೆಯನ್ನ ಕಿರಿದು ಮಾಡ್ತಿದೆ. ಮುಂಚೆ ಚಿಪ್ ಚಿಕ್ಕದಾದಂತೆ ಒಂದೊಂದು ಟ್ರಾನ್ಸಿಸ್ಟರ್‌ನ ಬೆಲೆ ಇಳೀತಿತ್ತು, ಆ ಲಾಭ ನಮ್ಮವರೆಗೂ ಬರ್ತಿತ್ತು. ಈಗ ಪ್ರತಿ ಹೆಜ್ಜೆಗೂ ವೇಫರ್ ಬೆಲೆ ಏರುತ್ತೆ, ವಿನ್ಯಾಸದ ಖರ್ಚೂ ಏರುತ್ತೆ. ಎನ್‌ವಿಡಿಯಾಗೆ ಮೊದಲಿಂದಲೂ ಕಾರ್ಖಾನೆ ಇಲ್ಲ, ಎಎಂಡಿ ತನ್ನದನ್ನ 2009ರಲ್ಲಿ ಬೇರೆ ಕಂಪನಿ ಮಾಡಿ ಬಿಟ್ಟಿತು. ಹಾಗಾಗಿ ಇವತ್ತಿನ ಹೊಸ ಕಾರ್ಡ್‌ಗಳಿಗೆ ಮೂರೂ ಕಂಪನಿಗಳು ಒಂದೇ ಟಿಎಸ್‌ಎಂಸಿ ಬಾಗಿಲಲ್ಲಿ ನಿಂತಿವೆ. ಅದೇ ಸಾಲಿನಲ್ಲಿ ಮೊಬೈಲ್ ಚಿಪ್ ಮಾಡಿಸೋರು, ಎಐ ಚಿಪ್ ಮಾಡಿಸೋರೂ ಇದ್ದಾರೆ. ಒಂದು ವೇಫರ್‌ನಿಂದ ಎಲ್ಲಿ ಜಾಸ್ತಿ ದುಡ್ಡು ಹುಟ್ಟುತ್ತೋ ಅದು ಅಲ್ಲಿಗೆ ಹೋಗುತ್ತೆ. 3 ನ್ಯಾನೋಮೀಟರ್ ಚಿಪ್ 2023ರಲ್ಲೇ ಫೋನ್‌ಗೆ ಬಂದಿದ್ದರೂ, 2025ರ ಆರ್‌ಟಿಎಕ್ಸ್ 50 ಸರಣಿ ಹಳೇ 5 ನ್ಯಾನೋಮೀಟರ್ ಕುಟುಂಬದಲ್ಲೇ ಉಳಿದದ್ದನ್ನ ಗಮನಿಸಿ.

ಕಾರ್ಖಾನೆ ಎಲ್ಲರಿಗೂ ಒಂದೇ ಆದಾಗ ವ್ಯತ್ಯಾಸ ಎಲ್ಲಿ ಹುಟ್ಟುತ್ತೆ? ನಮ್ಮೂರಲ್ಲೇ ನೋಡಿ. ಅಕ್ಕಪಕ್ಕದ ಎರಡು ತೋಟದ ಪಾರ್ಚ್‌ಮೆಂಟ್ ಚಿಕ್ಕಮಗಳೂರಿನ ಒಂದೇ ಕ್ಯೂರಿಂಗ್ ವರ್ಕ್ಸ್‌ಗೆ ಹೋಗಬಹುದು. ಸಿಪ್ಪೆ ತೆಗೆಯೋ ಮೆಷಿನ್ ಒಂದೇ, ಜರಡಿ ಒಂದೇ. ಆದರೂ ಒಬ್ಬರ ಚೀಲದಲ್ಲಿ ಎಎ ಗ್ರೇಡ್ ಜಾಸ್ತಿ, ಇನ್ನೊಬ್ಬರದ್ದರಲ್ಲಿ ಕಮ್ಮಿ. ಯಾಕಂದ್ರೆ ಹಣ್ಣು ಕೊಯ್ದಿದ್ದು, ಪಲ್ಪ್ ಮಾಡಿದ್ದು, ಕಣದಲ್ಲಿ ಒಣಗಿಸಿದ್ದು ಅವರವರ ತೋಟದಲ್ಲಿ. ಚಿಪ್ ವಿಷಯದಲ್ಲಿ ಆ 'ತೋಟದ ಕೆಲಸ' ಅಂದ್ರೆ ಆರ್ಕಿಟೆಕ್ಚರ್, ಮೆಮೊರಿ, ಕಂಪೈಲರ್, ಡ್ರೈವರ್. ಎನ್‌ವಿಡಿಯಾ 2007ರಿಂದ ಬೆಳೆಸಿಕೊಂಡು ಬಂದ ಕುಡಾ ಸಾಫ್ಟ್‌ವೇರ್ ಇವತ್ತು ಅದರ ದೊಡ್ಡ ಬಲ. ಅದಕ್ಕೂ ನ್ಯಾನೋಮೀಟರ್‌ಗೂ ಸಂಬಂಧ ಇಲ್ಲ.

ಇಲ್ಲಿಗೆ ಮಾತು ನಮ್ಮ ಓದಿಗೆ ಬರುತ್ತೆ. "ಚಿಪ್ ಎಲ್ಲಾ ತೈವಾನ್ ವಿಷಯ, ನಮಗ್ಯಾಕೆ" ಅಂತ ಕ್ಲಾಸಲ್ಲಿ ಅನ್ನೋರಿದ್ದಾರೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಿದ್ದು 1985ರಲ್ಲಿ. ಎಎಂಡಿ ತನ್ನ ಜಗತ್ತಿನ ಅತಿ ದೊಡ್ಡ ಡಿಸೈನ್ ಸೆಂಟರ್ ತೆರೆದಿದ್ದು 2023ರ ನವೆಂಬರ್‌ನಲ್ಲಿ, ಅದೇ ಬೆಂಗಳೂರಿನಲ್ಲಿ. ಎನ್‌ವಿಡಿಯಾ, ಇಂಟೆಲ್ ಇಂಜಿನಿಯರ್‌ಗಳೂ ಅಲ್ಲಿದ್ದಾರೆ. ಅಂದ್ರೆ ಸ್ಪರ್ಧೆಯ ಗೆಲುವು ಸೋಲು ತೀರ್ಮಾನ ಆಗೋ ಕೆಲಸ ನಮ್ಮಿಂದ ಒಂದು ರಾತ್ರಿ ಬಸ್ಸಿನಷ್ಟು ದೂರದಲ್ಲಿ ನಡೀತಿದೆ. ಫ್ಯಾಬ್ ಕಟ್ಟೋಕೆ ಸಾವಿರಾರು ಕೋಟಿ ಬೇಕು. ವೆರಿಲಾಗ್ ಕಲಿಯೋಕೆ, ಮೆಸಾ ಥರದ ಓಪನ್ ಸೋರ್ಸ್ ಗ್ರಾಫಿಕ್ಸ್ ಡ್ರೈವರ್‌ನ ಕೋಡ್ ಓದೋಕೆ ನಮ್ಮ ಹತ್ರ ಈಗಿರೋ ಲ್ಯಾಪ್‌ಟಾಪ್ ಸಾಕು. ಕಂಪ್ಯೂಟರ್ ಆರ್ಕಿಟೆಕ್ಚರನ್ನ ಪರೀಕ್ಷೆ ಹಿಂದಿನ ರಾತ್ರಿ ಮಾತ್ರ ತೆರೆಯೋ ನಾವು, ನಿಜವಾದ ಪೈಪೋಟಿ ಇರೋ ಪುಸ್ತಕವನ್ನೇ ಮುಚ್ಚಿಟ್ಟಿದ್ದೀವಿ.

ಕೊಳ್ಳೋ ವಿಷಯಕ್ಕೂ ಒಂದು ಮಾತು. ಇವತ್ತಿನ '5 ನ್ಯಾನೋಮೀಟರ್' ಅನ್ನೋದು ಚಿಪ್ ಒಳಗೆ ಸ್ಕೇಲ್ ಇಟ್ಟು ಅಳೆದ ಉದ್ದ ಅಲ್ಲ, ಪ್ರಕ್ರಿಯೆಗೆ ಇಟ್ಟ ಹೆಸರು. ಸ್ಯಾಮ್‌ಸಂಗ್‌ನ ಸಂಖ್ಯೆ, ಟಿಎಸ್‌ಎಂಸಿಯ ಸಂಖ್ಯೆ ಒಂದಕ್ಕೊಂದು ನೇರ ಹೋಲಿಸೋ ಹಾಗೂ ಇಲ್ಲ. ಆರ್‌ಟಿಎಕ್ಸ್ 4060 ಅಂತ ಬರೆದಿರೋ ಲ್ಯಾಪ್‌ಟಾಪ್‌ಗಳಲ್ಲೇ ಒಂದಕ್ಕೆ 35 ವ್ಯಾಟ್ ಕೊಟ್ಟಿರಬಹುದು, ಇನ್ನೊಂದಕ್ಕೆ 115. ಚಿಪ್ ಒಂದೇ, ಪ್ರಕ್ರಿಯೆ ಒಂದೇ, ಆಟ ಬೇರೆ ಬೇರೆ. ಹಾಗಾಗಿ ಈ ಸಲ ಕಾಫಿ ದುಡ್ಡು ಬಂದಾಗ ಅಂಗಡಿಯವರನ್ನ ಮೂರು ಪ್ರಶ್ನೆ ಕೇಳಿ: ಗ್ರಾಫಿಕ್ಸ್‌ಗೆ ಎಷ್ಟು ವ್ಯಾಟ್? ಗ್ರಾಫಿಕ್ಸ್ ಮೆಮೊರಿ ಎಷ್ಟು ಜಿಬಿ? ನಾವು ಬಳಸೋ ಸಾಫ್ಟ್‌ವೇರ್ ಇದರ ಮೇಲೆ ಸರಿಯಾಗಿ ಓಡುತ್ತಾ? ಈ ಮೂರಕ್ಕೂ ಉತ್ತರ ಸಿಕ್ಕಿದ ಮೇಲೆ ಬೇಕಾದ್ರೆ ನ್ಯಾನೋಮೀಟರ್ ಕೇಳೋಣ.