ಬ್ರೇಕಿಗೆ ಕಾಸಿಲ್ಲದವರ ಎಂಜಿನ್

ಹಳೆಯ ಕಾರಿಗೆ ಲಕ್ಷಗಟ್ಟಲೆ ಸುರಿದು ವೇಗದ ಎಂಜಿನ್ ಕಟ್ಟಿಸುವುದನ್ನು ‘ಕಾರಿನ ಮೇಲಿನ ಪ್ರೀತಿ’ ಎಂದು ಕರೆಯುವುದನ್ನು ನಾವು ನಿಲ್ಲಿಸಬೇಕು. ಅದು ಪ್ರೀತಿಯಾದರೆ, ಹೆಂಡತಿಯ ಮೂಗು ಸರಿಯಿಲ್ಲವೆಂದು ಆಪರೇಷನ್ನಿಗೆ ಕರೆದೊಯ್ಯುವ ಗಂಡನದ್ದೂ ಪ್ರೀತಿಯೇ. ಇಷ್ಟು ಖಾರವಾಗಿ ಹೇಳಲು ಕಾರಣ, ಕಳೆದ ತಿಂಗಳು ನಮ್ಮ ಮನೆಗೆ ಬಂದ ಒಂದು ಎಸ್ಟಿಮೇಟು.

ನೆರಿಯದ ನಮ್ಮ ಮನೆಯ ಶೆಡ್ಡಿನಲ್ಲಿ ಅಪ್ಪ ಕೊಂಡ ಪ್ರೀಮಿಯರ್ ಪದ್ಮಿನಿ ಇದೆ. ಅದಕ್ಕೆ ಐವತ್ತು ತುಂಬಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗನಿಗೆ ಅದರ ಮೇಲೆ ಕಣ್ಣು. “ಮಾವ, ಇದಕ್ಕೆ ದಮ್ಮೇ ಇಲ್ಲ. ಚಾರ್ಮಾಡಿ ಹತ್ತುವಾಗ ಲಾರಿಯವರೂ ಹಿಂದಿನಿಂದ ಹಾರ್ನ್ ಹೊಡೀತಾರೆ. ಒಂದು ಒಳ್ಳೆ ಎಂಜಿನ್ ಕಟ್ಟಿಸುವ” ಎಂದವನು, ನಗರದ ಒಂದು ಗ್ಯಾರೇಜಿನಿಂದ ಲೆಕ್ಕವನ್ನೂ ತರಿಸಿದ. ಕಾರ್ಬ್ಯುರೇಟರ್ ಜೋಡಿಗೆ 1,10,000 ರೂಪಾಯಿ, ಫೋರ್ಜ್ ಮಾಡಿದ ಪಿಸ್ಟನ್ ಸೆಟ್ಟಿಗೆ 72,000, ಸಿಲಿಂಡರ್ ಹೆಡ್ಡಿನ ಕೆಲಸಕ್ಕೆ 45,000, ಹೊಸ ಕ್ಯಾಮ್‌ಶಾಫ್ಟಿಗೆ 38,000, ಎಕ್ಸಾಸ್ಟಿಗೆ 35,000, ಕ್ರ್ಯಾಂಕ್‌ಶಾಫ್ಟ್ ಬ್ಯಾಲೆನ್ಸಿಂಗಿಗೆ 20,000, ಬಿಚ್ಚಿ ಕಟ್ಟುವ ಮಜೂರಿಗೆ 60,000. ಒಟ್ಟು 3,80,000.

ಎರಡು ಸಲ ಓದಿದೆ. ಬ್ರೇಕ್ ಎಂಬ ಪದ ಅದರಲ್ಲಿ ಎಲ್ಲೂ ಇರಲಿಲ್ಲ.

ಈ ದುಡ್ಡಿಗೆ ಸಿಗುವುದೇನು ಎಂದು ಮೊದಲು ನೋಡುವ. ಪದ್ಮಿನಿಯದ್ದು 1089 ಸಿಸಿ ಎಂಜಿನ್. ಸಿಲಿಂಡರಿನ ಬೋರ್ 68 ಮಿಲಿಮೀಟರ್, ಸ್ಟ್ರೋಕ್ 75. ಬೋರನ್ನು ಒಂದು ಮಿಲಿಮೀಟರ್ ಹಿಗ್ಗಿಸಿದರೆ ಅದು ಸುಮಾರು 1121 ಸಿಸಿ ಆಗುತ್ತದೆ, ಅಂದರೆ ನೂರಕ್ಕೆ ಮೂರರಷ್ಟು ಹೆಚ್ಚು. ಎಂಜಿನನ್ನು ದೊಡ್ಡದು ಮಾಡಿ ಶಕ್ತಿ ಪಡೆಯುವ ದಾರಿ ಅಲ್ಲಿಗೇ ಮುಗಿಯಿತು. ಉಳಿದದ್ದು ಕಂಪ್ರೆಶನ್ ಏರಿಸುವುದು, ಇನ್ನೂ ಜೋರಾಗಿ ತಿರುಗಿಸುವುದು. ನಿಮಿಷಕ್ಕೆ 4500 ಸುತ್ತು ತಿರುಗುತ್ತಿದ್ದದ್ದನ್ನು 6500ಕ್ಕೆ ಏರಿಸಿದರೆ ಪಿಸ್ಟನ್ನು ಕನೆಕ್ಟಿಂಗ್ ರಾಡನ್ನು ಜಗ್ಗುವ ಬಲ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಆಗ ರಾಡು, ಬೇರಿಂಗು, ಕ್ಲಚ್ಚು, ಗೇರ್‌ಬಾಕ್ಸು ಎಲ್ಲವೂ ಸರದಿಯಲ್ಲಿ ಬಂದು ನಿಲ್ಲುತ್ತವೆ. ಕಂಪ್ರೆಶನ್ ಏರಿದಂತೆ ಎಂಜಿನ್ ನಾಕ್ ಆಗದಿರಲು ಹೆಚ್ಚು ಆಕ್ಟೇನಿನ ದುಬಾರಿ ಪೆಟ್ರೋಲು ಬೇಕು. ಮಂಗಳೂರಿನಿಂದ ಹಾಸನ, ಬೆಂಗಳೂರಿಗೆ ಹೋಗುವ ಇಂಧನ ಪೈಪ್‌ಲೈನಿನ ಪಂಪಿಂಗ್ ಸ್ಟೇಷನ್ ನಮ್ಮ ನೆರಿಯದಲ್ಲೇ ಇದೆ ನಿಜ, ಆದರೆ ಅದು ನಮ್ಮ ಕಾರಿಗೆ ಪೆಟ್ರೋಲು ಕೊಡುವುದಿಲ್ಲ! ಮೊದಲ ಎಸ್ಟಿಮೇಟು ಎಂದರೆ ಬಾಗಿಲು ಮಾತ್ರ. ಮನೆಯ ಖರ್ಚು ಒಳಹೊಕ್ಕ ಮೇಲೆ ಗೊತ್ತಾಗುವುದು.

ಇನ್ನು ಬ್ರೇಕು. ಈ ಕಾರಿನ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಗಂಟೆಗೆ 60ರಲ್ಲಿ ಹೋಗುವ ಕಾರು 90ಕ್ಕೆ ಏರಿದರೆ ನಿಲ್ಲಿಸಲು ತಡೆಯಬೇಕಾದ ಶಕ್ತಿ ಎರಡೂಕಾಲು ಪಟ್ಟು. ಚಾರ್ಮಾಡಿಯ ತಿರುವುಗಳಲ್ಲಿ ಇಳಿಯುವಾಗ ಡ್ರಮ್ಮು ಕಾಯುತ್ತದೆ, ಕಾದ ಬ್ರೇಕು ಹಿಡಿಯುವುದಿಲ್ಲ. ಮಳೆಗಾಲದಲ್ಲಿ ಇನ್ನೊಂದು ಕಷ್ಟ. ತೋಡಿನ ನೀರು ರಸ್ತೆಗೆ ಬಂದಲ್ಲಿ ದಾಟಿದರೆ ಡ್ರಮ್ಮಿನೊಳಗೆ ನೀರು ಹೊಕ್ಕು ಲೈನರ್ ಜಾರುತ್ತದೆ. ನೀರು ದಾಟಿದ ಮೇಲೆ ನಿಧಾನ ಹೋಗುತ್ತಾ, ಪೆಡಲನ್ನು ಮೆಲ್ಲ ಮೆಲ್ಲ ಒತ್ತಿ ಬ್ರೇಕು ಒಣಗಿಸಬೇಕು ಎಂದು ಅಪ್ಪ ಕಲಿಸಿದ್ದರು. ಈ ಊರಿನ ರಸ್ತೆಗೂ ಆ ಕಾರಿಗೂ ಇದ್ದ ಒಪ್ಪಂದ ಅದು. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ಘಾಟಿ ಕುಸಿದು ಸಂಚಾರವೇ ನಿಂತುಹೋದದ್ದನ್ನು ಕಂಡವರಿಗೆ ಇಲ್ಲಿ ಬೇಕಾದದ್ದು ವೇಗವೋ ಹಿಡಿತವೋ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನಿನ ಮಾತೂ ಇದೆ. ತಯಾರಕರು ಕೊಟ್ಟ, ಆರ್‌ಸಿಯಲ್ಲಿ ದಾಖಲಾಗುವ ವಿವರಗಳನ್ನು ಬದಲಿಸುವಂತೆ ವಾಹನ ಮಾರ್ಪಡಿಸಬಾರದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2021ರಲ್ಲಿ ಕೇಂದ್ರ ಸರಕಾರ ತಂದ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ಮಾನ್ಯತೆ ಸಿಗಬೇಕಾದರೆ ಅದು ಮೂಲರೂಪದಲ್ಲಿರಬೇಕು, ಎಂಜಿನನ್ನೋ ಚಾಸಿಯನ್ನೋ ಗಣನೀಯವಾಗಿ ಬದಲಿಸಿರಬಾರದು. ಅಂದರೆ 3,80,000 ಕೊಟ್ಟು ನಾವು ಕೊಳ್ಳುವುದರಲ್ಲಿ ಆ ಮಾನ್ಯತೆಯ ನಷ್ಟವೂ ಸೇರಿದೆ. ಅಂಥ ಮಾನ್ಯತೆ ಪಡೆದ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ ಎಂಬುದು ನಿಜ. ಹಾಗಿದ್ದರೂ ಅದನ್ನು ಬೇಕೋ ಬೇಡವೋ ಎಂದು ಆಯ್ದುಕೊಳ್ಳುವ ಅವಕಾಶವನ್ನೇ ಕಳೆದುಕೊಳ್ಳುವುದು ಯಾಕೆ?

“ಹಳೆಯದನ್ನು ಮುಟ್ಟಲೇಬಾರದಾ?” ಎಂದು ಅಳಿಯ ಕೇಳಿದ. ನ್ಯಾಯವಾದ ಪ್ರಶ್ನೆ. ಮದ್ರಾಸಿನ ಹತ್ತಿರದ ಶೋಲಾವರಂನಲ್ಲಿ ಇದೇ ಫಿಯೆಟ್‌ಗಳು ಪಳಗಿಸಿದ ಎಂಜಿನುಗಳೊಂದಿಗೆ ರೇಸ್ ಓಡಿದ್ದವು. ಅದು ರೇಸಿನ ಕಣ, ಎದುರಿನಿಂದ ಶಾಲೆಯ ಮಕ್ಕಳು ಬರುವ ದಾರಿಯಲ್ಲ. ನಮ್ಮ ಗುಡ್ಡದ ಊರುಗಳಲ್ಲಿ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿದವರೂ ಇದ್ದಾರೆ. ರಬ್ಬರು, ಅಡಿಕೆ ಹೇರಿಕೊಂಡು ಬರಲು, ಕಾಯಿಲೆಯವರನ್ನು ಆಸ್ಪತ್ರೆಗೆ ಮುಟ್ಟಿಸಲು ಅವರಿಗೆ ಜೀಪು ಬೇಕಿತ್ತು, ಪೆಟ್ರೋಲಿನ ಖರ್ಚು ತಾಳುತ್ತಿರಲಿಲ್ಲ. ಅವರನ್ನು ನಾನು ದೂರುವುದಿಲ್ಲ. ದೂರು ಇರುವುದು ಯಾವ ಅಗತ್ಯವೂ ಇಲ್ಲದೆ, ಸದ್ದು ಕೇಳಿಸಲೆಂದೇ ಕಟ್ಟಿಸುವ ಎಂಜಿನ್ ಬಗ್ಗೆ. ನಮ್ಮ ಪಕ್ಕದ ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಹೋದವರು ಒಂದೊಂದು ಕಾರಿನ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ನೋಡಿ. ಆ ಕಾರುಗಳು ನಿಂತಲ್ಲೇ ನಿಂತಿವೆ. ಇದು ಎಷ್ಟು ಸ್ಪೀಡು ಹೋಗುತ್ತದೆ ಎಂದು ತಿಳಿಯಲು ಯಾರೂ ಅಲ್ಲಿಗೆ ಹೋಗುವುದಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಆ ಪಟ್ಟಿಯ ಕೊನೆಯ ಸಾಲು. 3,80,000ದಲ್ಲಿ ಮಜೂರಿ 60,000. ಪೆಟ್ಟಿಗೆಯಲ್ಲಿ ಬರುವ ಸಾಮಾನಿಗೆ ಅಳಿಯ ಚಕಾರ ಎತ್ತಿರಲಿಲ್ಲ, “ಮಜೂರಿ ಸ್ವಲ್ಪ ಕಮ್ಮಿ ಮಾಡಿಸಬಹುದು ಮಾವ” ಎಂದಿದ್ದ. ನಗುವ ಹಕ್ಕು ನನಗಿಲ್ಲ. ಇಷ್ಟು ವರ್ಷ ಈ ಕಾರನ್ನು ಜೀವಂತ ಇಟ್ಟ ಉಜಿರೆಯ ಮೆಕ್ಯಾನಿಕ್ಕಿನ ಹತ್ತಿರ ಮುನ್ನೂರು ರೂಪಾಯಿಗೆ ಚೌಕಾಸಿ ಮಾಡಿದವನು ನಾನೇ. ಸ್ಪಾನರ್ ಇಟ್ಟು ಕೇಳಿಸಿಕೊಂಡೇ ಟ್ಯಾಪೆಟ್ ಸರಿ ಮಾಡುವ ಅವರ ಕೈಕೆಳಗೆ ಈಗ ಕಲಿಯುವ ಹುಡುಗರಿಲ್ಲ. “ಸಾಮಾನಿಗೆ ಎಷ್ಟು ಬೇಕಾದರೂ ಕೊಡ್ತಾರೆ, ಕೈಗೆ ಕೊಡುವಾಗ ಯೋಚನೆ ಮಾಡ್ತಾರೆ. ಹುಡುಗರು ಯಾಕೆ ಬರ್ತಾರೆ ಹೇಳಿ” ಎಂದು ಅವರು ಒಮ್ಮೆ ಕೇಳಿದ್ದರು. ಆಗ ನನ್ನಲ್ಲಿ ಉತ್ತರವಿರಲಿಲ್ಲ. ಪಿಸ್ಟನ್ನನ್ನು ನಾಳೆಯೂ ತರಿಸಬಹುದು. ಆ ಕಿವಿಯನ್ನು ಎಲ್ಲಿಂದ ತರಿಸುವುದು? ಹಳೆಯ ಕಾರಿನ ವಿಚಾರದಲ್ಲಿ ನಾವು ನಿಜವಾಗಿ ಕಳೆದುಕೊಳ್ಳುತ್ತಿರುವುದು ಅದನ್ನು, ಮತ್ತು ಅದರ ಬೆಲೆ ಯಾವ ಎಸ್ಟಿಮೇಟಿನಲ್ಲೂ ಬರುವುದಿಲ್ಲ.

ಕಾರನ್ನು ಉಜಿರೆಗೆ ಕೊಂಡುಹೋದೆ. ನಾಲ್ಕೂ ಚಕ್ರಕ್ಕೆ ಹೊಸ ಲೈನರ್, ಹೊಸ ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರಿನ ಕಿಟ್, ರೇಡಿಯೇಟರ್ ತೊಳೆದು ಟ್ಯಾಪೆಟ್ ಹೊಂದಿಸುವ ಕೆಲಸ. ಅವರು ಹೇಳಿದ ಮಜೂರಿಯನ್ನು ಹೇಳಿದಷ್ಟೇ ಕೊಟ್ಟೆ. ಅವರು ನೋಟು ಎಣಿಸಿ, ಚೌಕಾಸಿಗೆ ಕಾದವರಂತೆ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು.

ಅಳಿಯನಿಗೆ ಇನ್ನೂ ಸಮಾಧಾನವಿಲ್ಲ. ಮುಂದಿನ ರಜೆಗೆ ಬರಲಿ. ಮೊದಲು ನೀರು ದಾಟಿ ಬ್ರೇಕು ಒಣಗಿಸುವುದನ್ನು ಕಲಿಯಲಿ. ಎಂಜಿನಿನ ಮಾತು ಆಮೇಲೆ.