ಹೆಣ್ಣುಮಕ್ಕಳ ಲಸಿಕೆ: ವೈದ್ಯರ ಮಾತೇ ಮೊದಲು

ಗರ್ಭಕಂಠದ ಕ್ಯಾನ್ಸರ್‌ಗೆ ದೇಶದಲ್ಲಿ ವರ್ಷಕ್ಕೆ ಸುಮಾರು 80 ಸಾವಿರ ಮಹಿಳೆಯರು ಬಲಿಯಾಗುತ್ತಿದ್ದಾರೆ. ಇದಕ್ಕೆ ಬಹುಪಾಲು ಕಾರಣ ಎಚ್‌ಪಿವಿ ವೈರಾಣು. ಅದನ್ನು ತಡೆಯುವ ಲಸಿಕೆ ಪುಣೆಯ ಸೀರಂ ಸಂಸ್ಥೆಯಲ್ಲೇ ತಯಾರಾಗುತ್ತಿದೆ. ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಹಳ್ಳಿ ಹಳ್ಳಿಗೂ ಅದು ತಲುಪಬೇಕು.

9ರಿಂದ 14 ವರ್ಷ ಈ ಲಸಿಕೆಗೆ ತಕ್ಕ ವಯಸ್ಸು. 10 ತುಂಬಿದ ಮಕ್ಕಳಿಗೆ ಟಿಡಿ (ಧನುರ್ವಾಯು, ಗಂಟಲಮಾರಿ ತಡೆಯುವ) ಚುಚ್ಚುಮದ್ದು ಹಾಕುವುದು ರಾಷ್ಟ್ರೀಯ ವೇಳಾಪಟ್ಟಿಯಲ್ಲೇ ಇದೆ. ಬಾಲಕಿಯ ತೋಳಿಗೆ ಹತ್ತಿ ಒತ್ತುವ ಹೊತ್ತಿನಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ‘ಅಕ್ಕಾರ, ಮಗಳಿಗೆ ಎಚ್‌ಪಿವಿ ಲಸಿಕಿನೂ ಹಾಕಸ್ರಿ, ಮುಂದ ಕ್ಯಾನ್ಸರ್ ತಡೀತೈತಿ’ ಎಂದು ಬಾಯಿಬಿಟ್ಟು ಹೇಳಬೇಕು. ಗೋಡೆಯ ಭಿತ್ತಿಪತ್ರಕ್ಕಿಂತ ಆ ಮಾತಿಗೆ ತೂಕ ಹೆಚ್ಚು. ಲಸಿಕೆ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಗಾಳಿಮಾತಿಗೆ ಆಧಾರವಿಲ್ಲವೆಂದೂ ಅಲ್ಲೇ ತಿಳಿಸಬೇಕು.

2018ರಲ್ಲಿ ಸಿಕ್ಕಿಂ ರಾಜ್ಯವು ಶಾಲೆಗಳ ಮೂಲಕವೇ ಶೇ 95ಕ್ಕೂ ಹೆಚ್ಚು ಬಾಲಕಿಯರಿಗೆ ಲಸಿಕೆ ಹಾಕಿಸಿತು. ನಮ್ಮಲ್ಲೂ ಶಾಲಾ ಹಾಜರಿ ಪುಸ್ತಕ ಹಿಡಿದು ಆಶಾ ಕಾರ್ಯಕರ್ತೆಯರು ಹೆಸರುಪಟ್ಟಿ ಮಾಡಲಿ. ಶಾಲೆ ಬಿಟ್ಟವರೂ ಅದರಲ್ಲಿರಲಿ. ಕಬ್ಬು ಕಟಾವಿನ ದಿನಗಳಲ್ಲಿ ಕೂಲಿ ಬಿಟ್ಟು ಬರುವುದು ತಾಯಂದಿರಿಗೆ ಕಷ್ಟ; ಸಂಜೆಯೂ ಲಸಿಕೆ ಸಿಗಲಿ. ತಪ್ಪಿಸಿಕೊಂಡವರ ಮನೆಗೆ ಮತ್ತೆ ಹೋಗಲಿ. ತಾಲ್ಲೂಕು ಆರೋಗ್ಯಾಧಿಕಾರಿಗಳು ಪ್ರತಿ ತಿಂಗಳು ಲೆಕ್ಕ ಕೇಳಲಿ. ತಡೆಯಬಹುದಾದ ರೋಗಕ್ಕೆ ನಮ್ಮ ಹೆಣ್ಣುಮಕ್ಕಳನ್ನು ಬಿಟ್ಟುಕೊಡುವುದು ಸಲ್ಲದು.